ಸತ್ತವರ ಮನೆವಾರ್ತೆ: ಹಾನ್ ಕಾಲದ ಮಿಂಗ್‌ಚಿ

ಒಲೆ, ಬಾವಿ, ಕಣಜ, ನಾಯಿ, ಕೋಳಿ. ಹಂದಿದೊಡ್ಡಿ, ಅದರ ಮೇಲೊಂದು ಪಾಯಿಖಾನೆ. ಚೀನಾದ ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206–ಕ್ರಿ.ಶ. 220) ಉಳ್ಳವರ ಸಮಾಧಿಗಳಲ್ಲಿ ಇಂಥ ಸುಟ್ಟ ಮಣ್ಣಿನ ಮಾದರಿಗಳನ್ನು ಇಡುತ್ತಿದ್ದರು. ಇವೇ ಮಿಂಗ್‌ಚಿ. ಸತ್ತವರಿಗೂ ಹಸಿವುಂಟು, ಮನೆವಾರ್ತೆಯುಂಟು. ಅವರಿಗೆ ಕೊರತೆಯಾಗದಿದ್ದರೆ ವಂಶವನ್ನು ಕಾಯುತ್ತಾರೆ ಎಂಬುದು ನಂಬಿಕೆ.

ಅದಕ್ಕೂ ಸಾವಿರ ವರ್ಷ ಹಿಂದೆ, ಶಾಂಗ್ ರಾಜವಂಶದ ಅರಸರ ಜೊತೆ ಮನುಷ್ಯರನ್ನೇ ಬಲಿಕೊಟ್ಟು ಹೂಳುತ್ತಿದ್ದರು. ಕಾಲಕ್ರಮದಲ್ಲಿ ಆ ಜಾಗಕ್ಕೆ ಮರದ, ಮಣ್ಣಿನ ಬೊಂಬೆಗಳು ಬಂದವು. ಕುಂಬಾರನ ಕೈ ಮಾಡಿದ ಕೆಲಸಗಳಲ್ಲಿ ಇದು ನಿಜಕ್ಕೂ ದೊಡ್ಡದು. ಶಿಆನ್ ಬಳಿಯ ಯಾಂಗ್‌ಲಿಂಗ್‌ನಲ್ಲಿ, ಕ್ರಿ.ಪೂ. 141ರಲ್ಲಿ ತೀರಿಕೊಂಡ ಜಿಂಗ್ ಚಕ್ರವರ್ತಿಯ ಸಮಾಧಿಯ ಸುತ್ತ, ಸುಮಾರು 60 ಸೆಂ.ಮೀ. ಎತ್ತರದ ಬೊಂಬೆಗಳು ಸಾಲಾಗಿ ಸಿಕ್ಕಿವೆ. ಅವುಗಳಿಗೆ ತೋಳಿಲ್ಲ, ಉಡುಗೆಯಿಲ್ಲ: ಮರದ ತೋಳುಗಳೂ ತೊಡಿಸಿದ್ದ ಬಟ್ಟೆಯೂ ಮಣ್ಣಿನಲ್ಲಿ ಕರಗಿಹೋಗಿವೆ.

ಹಾನ್ ಸಮಾಧಿಗಳಲ್ಲಿ ಸಿಗುವ ಹಸಿರು ಮೆರುಗಿನ ಪಾತ್ರೆಗಳನ್ನು ಹತ್ತಿರದಿಂದ ನೋಡಿ. ಆ ಮೆರುಗಿನಲ್ಲಿ ಸೀಸವಿದೆ, ಬಣ್ಣ ತಾಮ್ರದ್ದು. ಸೀಸ ವಿಷ, ಬದುಕಿರುವವರ ಅಡುಗೆಗೆ ಇವು ಸಲ್ಲವು. ಕೆಲವುಗಳ ಮೇಲೆ ಕಾಣುವ ಬೆಳ್ಳಿಯ ಹೊಳಪನ್ನು ಯಾರೂ ಬಳಿದದ್ದಲ್ಲ. ಶತಮಾನಗಳ ಕಾಲ ನೆಲದ ತೇವ ತಗುಲಿ ಮೆರುಗು ಪದರಪದರವಾಗಿ ಸವೆದಾಗ ಅದು ತಾನಾಗಿ ಮೂಡುತ್ತದೆ.