ಗೊಮ್ಮಟನ ಫಲಕದಲ್ಲಿ ಕಲ್ಕುಡನಿಗೊಂದು ಸಾಲು

ಕಾರ್ಕಳ ಉಡುಪಿ ಜಿಲ್ಲೆಯ ತಾಲೂಕು ಕೇಂದ್ರ. 1997ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ತುಳುವಿನಲ್ಲಿ ನಾವು ಕಾರ್ಲ ಅನ್ನುತ್ತೇವೆ. ಭೈರರಸರು ಆಳಿದ ಊರಿದು. 1586ರ ಚತುರ್ಮುಖ ಬಸದಿ, ಆನೆಕೆರೆಯ ನಡುವಿನ ಬಸದಿ, ಹಿರಿಯಂಗಡಿಯ ಮಾನಸ್ತಂಭ, ಇವೆಲ್ಲದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನ ತಕರಾರಿರುವುದು ಗುಡ್ಡದ ಮೇಲಿನ ಗೊಮ್ಮಟನ ವಿಷಯದಲ್ಲಿ.

ದಾರಿ ಬದಿಯ ಫಲಕಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಮೂರೇ ಸಂಗತಿ: ಎಷ್ಟು ಅಡಿ, ಯಾವ ಇಸವಿ, ಯಾವ ಅರಸ. ಉತ್ತರಗಳೂ ಸಿದ್ಧವಾಗಿವೆ. ಸುಮಾರು 42 ಅಡಿ, 1432ರ ಫೆಬ್ರವರಿ 13, ವೀರಪಾಂಡ್ಯ. ಮೂರ್ತಿಯ ಪಕ್ಕದ ಕಲ್ಲಿನಲ್ಲಿರುವ ಶಾಸನ ಗುರು ಲಲಿತಕೀರ್ತಿಯನ್ನು ಹೆಸರಿಸುತ್ತದೆ, ಭೈರವೇಂದ್ರನ ಮಗ ಪಾಂಡ್ಯರಾಯನನ್ನು ಹೆಸರಿಸುತ್ತದೆ. ಉಳಿ ಹಿಡಿದವನ ಹೆಸರು ಮಾತ್ರ ಅದರಲ್ಲಿಲ್ಲ. 1646ರಲ್ಲಿ ಕವಿ ಚಂದ್ರಮ ಬರೆದ 'ಕಾರ್ಕಳ ಗೊಮ್ಮಟೇಶ್ವರ ಚರಿತೆ'ಯಲ್ಲಿ ಮೂರ್ತಿಯನ್ನು ಇಪ್ಪತ್ತು ಗಾಲಿಯ ಬಂಡಿಯ ಮೇಲೆ ಗುಡ್ಡಕ್ಕೆ ಎಳೆಸಿದ ವರ್ಣನೆಯಿದೆ. ಬಳ್ಳಿ ಸುತ್ತಿದ ಆ ಕಾಲುಗಳ ಬುಡದಲ್ಲಿ ನಿಂತು ಕತ್ತೆತ್ತಿದರೆ ಅಂಥ ಬಂಡಿಯನ್ನು ಎಳೆದವರ ಬೆವರಾದರೂ ನೆನಪಾಗಬೇಕು.

ಆ ನೆನಪನ್ನು ಉಳಿಸಿಕೊಂಡದ್ದು ಪಾಡ್ದನ, ಬಾಯಿಂದ ಬಾಯಿಗೆ ಬಂದ ತುಳುವರ ಕಥನಗೀತೆ. ಅದು ಹೇಳುವ ಪ್ರಕಾರ ಮೂರ್ತಿ ಕಡೆದವನು ಬೀರ ಕಲ್ಕುಡ. ಇಂಥ ಕೆಲಸ ಇನ್ನೊಂದು ಊರಿಗೆ ದಕ್ಕಬಾರದೆಂದು ಅರಸ ಅವನ ಎಡಗೈ ಮತ್ತು ಬಲಗಾಲನ್ನು ಕಡಿಸಿದ. ಕಲ್ಕುಡ ಸೋಲಲಿಲ್ಲ. ವೇಣೂರಿಗೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಲ್ಲೇ ಅಲ್ಲಿಯ ಗೊಮ್ಮಟನನ್ನು ನಿಲ್ಲಿಸಿದ. ಮುಂದೆ ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಬಂದು ಕಾರ್ಕಳಕ್ಕೆ ಬೆಂಕಿಯಿಟ್ಟ. ಅಣ್ಣತಂಗಿಗೆ ಇಂದಿಗೂ ಕೋಲ ನಡೆಯುತ್ತದೆ.

ಲೆಕ್ಕ ಇಟ್ಟು ನೋಡಿದರೆ ಕಥೆ ನಿಲ್ಲುವುದಿಲ್ಲ. ವೇಣೂರಿನ ಮೂರ್ತಿ ಅಜಿಲ ವಂಶದ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ್ದು. ಎರಡರ ನಡುವೆ 172 ವರ್ಷದ ಅಂತರ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ಆದರೆ ವೇಣೂರಿಗೆ ಗೊಮ್ಮಟ ಬೇಡವೆಂದು ಕಾರ್ಕಳದ ಅರಸ ಹಟ ಹಿಡಿದದ್ದು, ತಿಮ್ಮಣ್ಣ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟದ್ದು ಇನ್ನೊಂದು ಐತಿಹ್ಯ. ಎರಡು ಕಥೆಗಳಲ್ಲೂ ಕಾಣುವುದು ಅದೇ ಹೊಟ್ಟೆಕಿಚ್ಚು. ಇಸವಿ ತಪ್ಪಿದ್ದರೂ ಅರಸರ ಸ್ವಭಾವವನ್ನು ಪಾಡ್ದನ ಸರಿಯಾಗಿಯೇ ಗುರುತಿಸಿದೆ ಎಂದು ನನ್ನ ನಂಬಿಕೆ.

ನಮ್ಮೂರಿನ ಉಳಿ ಆಮೇಲೂ ಸುಮ್ಮನಿರಲಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದದ್ದು ಇಲ್ಲಿಯೇ. 1973ರಲ್ಲಿ ಇಲ್ಲಿಂದಲೇ ಅದು ಹೊರಟದ್ದು. ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ ಎಂಬುದು ಊರಿಗೆಲ್ಲ ಗೊತ್ತು. ಐನೂರು ವರ್ಷ ಹಿಂದಿನವರಿಗೆ ಆ ಭಾಗ್ಯ ಸಿಗಲಿಲ್ಲ.

ಪಾಡ್ದನ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮೊಮ್ಮಕ್ಕಳು ಗುಡ್ಡ ಹತ್ತಿ ಫೋಟೋ ತೆಗೆದು ಇಳಿಯುತ್ತಾರೆ. ಆದ್ದರಿಂದ ಫಲಕ ಬರೆಸುವವರಲ್ಲಿ ನನ್ನದೊಂದೇ ಬಿನ್ನಹ. ಅಡಿಯೂ ಇರಲಿ, ಅರಸನೂ ಇರಲಿ. ಅದರ ಕೆಳಗೆ, ಐತಿಹ್ಯವೆಂದು ಸ್ಪಷ್ಟವಾಗಿ ತಿಳಿಸಿಯೇ, ಬೀರ ಕಲ್ಕುಡನ ಹೆಸರನ್ನೂ ಬರೆಸಿ.