ಮುರಿದಂತೆಯೇ ನಿಂತ ಗುಮ್ಮಟ

1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಜಪಾನಿನ ಹಿರೋಷಿಮಾ ನಗರದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಅಣುಬಾಂಬ್ ಸಿಡಿಯಿತು. ವರ್ಷ ಮುಗಿಯುವುದರೊಳಗೆ ಸತ್ತವರು ಅಂದಾಜು 1,40,000 ಮಂದಿ. ಸ್ಫೋಟದ ನೇರ ಕೆಳಗಿನ ಸ್ಥಳದಿಂದ ಸುಮಾರು 160 ಮೀಟರ್ ದೂರದಲ್ಲಿದ್ದ ವಸ್ತುಪ್ರದರ್ಶನ ಭವನದೊಳಗೆ ಯಾರೂ ಬದುಕುಳಿಯಲಿಲ್ಲ. ಆದರೆ ಆಘಾತ ತರಂಗ ಹೆಚ್ಚುಕಡಿಮೆ ಮೇಲಿನಿಂದಲೇ ಎರಗಿದ್ದರಿಂದ ಕೆಲವು ಗೋಡೆಗಳೂ ಗುಮ್ಮಟದ ಉಕ್ಕಿನ ಚೌಕಟ್ಟೂ ಉಳಿದವು.

ನೋವಿನ ಗುರುತು ಬೇಡ, ಕೆಡವಿ ಎಂದವರೂ ಇದ್ದರು. ಉಳಿಸಿ ಎಂದವರೂ ಇದ್ದರು. 1966ರಲ್ಲಿ ನಗರಸಭೆ ಉಳಿಸಲು ನಿರ್ಧರಿಸಿತು. ಮರುವರ್ಷ ಬಿರುಕುಗಳಿಗೆ ಎಪಾಕ್ಸಿ ರಾಳ ತುಂಬಿ, ಉಕ್ಕಿನ ಆಸರೆ ಕೊಟ್ಟರು. ಹೊಸದಾಗಿ ಕಟ್ಟಲಿಲ್ಲ, ಮುರಿದದ್ದನ್ನು ಮುರಿದಂತೆಯೇ ನಿಲ್ಲಿಸಿದರು. 1996ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು.

ಅಂದಿನ ದುರಂತವನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ರಾಳ ಗೋಡೆಯನ್ನು ಹಿಡಿದಿಡಬಲ್ಲದು; ನಡೆದದ್ದನ್ನು ಮುಂದಿನವರಿಗೆ ಹೇಳುವ ಕೆಲಸ ಮಾತ್ರ ಮನುಷ್ಯರದೇ.