ಶಿವನಸಮುದ್ರದ ವಿದ್ಯುದಾಗಾರ

ಮಳೆಗಾಲ ಕಳೆದು ಹೊಳೆಯ ನೀರು ತಿಳಿಯಾದ ಮೇಲೆ ನಮ್ಮ ಸಂಘದ ಕೆಲವರು ತಾಳವಾಡಿಯಿಂದ ಹೊರಟು, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರುಗಳ ಮೇಲೆ ಹಾದು ಕೊಳ್ಳೇಗಾಲವನ್ನು ಸೇರಿ, ಅಲ್ಲಿಂದ ಶಿವನಸಮುದ್ರಕ್ಕೆ ಹೋದೆವು. ಈ ಪಯಣವನ್ನು ನಮ್ಮ ಹಿರಿಯರೂ ಮಾಡುತ್ತಿದ್ದರು. ಅವರು ಹೋಗುತ್ತಿದ್ದುದು ಮಧ್ಯರಂಗನ ದರ್ಶನಕ್ಕೆ. ನಾವು ಹೋದದ್ದು ರಂಗನ ದರ್ಶನದೊಡನೆ, ಕಣಿವೆಯ ತಳದಲ್ಲಿರುವ ವಿದ್ಯುದಾಗಾರವನ್ನೂ ನೋಡಿ ಬರಲು.

ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು ನಡುವೆ ದ್ವೀಪವೊಂದನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮ್ಮಿಕ್ಕುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಜಲಪಾತವನ್ನು ನೋಡಿ ಹಿಂತಿರುಗುವವರೇ ಹೆಚ್ಚು. ಮುಂಚಿತವಾಗಿ ಅನುಮತಿ ಪಡೆದು ಕೆಳಗಿಳಿಯುವವರು ಕಡಮೆ. ಮೇಲಿನ ಬಂಡೆಯ ಅಂಚಿನಲ್ಲಿ ನಿಂತರೆ, ದಪ್ಪನೆಯ ಉಕ್ಕಿನ ಕೊಳವೆಗಳು ಇಳಿಜಾರಿನಲ್ಲಿ ಸಾಲಾಗಿ ಇಳಿದು ಕೆಳಗಿನ ಉದ್ದನೆಯ ಕಟ್ಟಡದೊಳಗೆ ಹೊಗುವುದು ಕಾಣುತ್ತದೆ. ಜಲಪಾತಕ್ಕಿಂತ ಮೇಲೆಯೇ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಮಟ್ಟ ಕೆಡದಂತೆ ಈ ಅಂಚಿನವರೆಗೆ ತಂದು, ಇಲ್ಲಿಂದ ಸುಮಾರು 400 ಅಡಿ ಕೆಳಗಿನ ಚಕ್ರಗಳ ಮೇಲೆ ಬಿಡುತ್ತಾರೆ. ಚಕ್ರ ತಿರುಗಿದರೆ ಅದಕ್ಕೆ ಜೋಡಿಸಿದ ಉತ್ಪಾದಕ ಯಂತ್ರ ತಿರುಗುವುದು.

ನಮ್ಮೊಡನೆ ಬಂದಿದ್ದ ಬಾಲಕನೊಬ್ಬ ಅದನ್ನು ನೋಡಿ, “ತಾತ, ಕರೆಂಟು ತೆಗೆದ ಮೇಲೆ ಆ ನೀರಿನಲ್ಲಿ ಸತ್ವ ಉಳಿದಿರುತ್ತದೆಯೆ?” ಎಂದು ಕೇಳಿದನು. “ನೀರಿನ ಸತ್ವ ನೀರಿನಲ್ಲೇ ಇರುತ್ತದಪ್ಪ. ಅದು ಬಿದ್ದ ರಭಸವನ್ನಷ್ಟೇ ನಾವು ಪಡೆದದ್ದು” ಎಂದರು ಹಿರಿಯರು. ಈ ಉತ್ತರದಲ್ಲಿಯೇ ಶಿವನಸಮುದ್ರದ ಚರಿತ್ರೆಯ ಒಂದು ಮುಖ್ಯಾಂಶ ಅಡಗಿದೆ ಎಂದು ನಮಗೆ ತೋರಿತು.

ಏಕೆಂದರೆ ಅಂದು ಈ ನದಿ ಎರಡು ಸರ್ಕಾರಗಳ ನಡುವಣ ಗಡಿಯಾಗಿತ್ತು. ಎಡದಂಡೆ ಮೈಸೂರು ಸಂಸ್ಥಾನದ್ದು. ದ್ವೀಪವೂ ಕೊಳ್ಳೇಗಾಲದ ಸೀಮೆಯೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುವು. ಮೈಸೂರು ತನ್ನ ಹೊಳೆಗಳ ಮೇಲೆ ಹೊಸ ನೀರಾವರಿ ಕೆಲಸಗಳನ್ನು ಕೈಗೊಳ್ಳಬೇಕಾದರೆ ಮದರಾಸಿನ ಒಪ್ಪಿಗೆ ಪಡೆಯಬೇಕೆಂಬ ಕರಾರು 1892ರಲ್ಲಿ ಆಗಿತ್ತು. ಹೊಲಕ್ಕೆ ಹರಿದ ನೀರು ಹೊಳೆಗೆ ಹಿಂತಿರುಗದು; ಚಕ್ರವನ್ನು ತಿರುಗಿಸಿದ ನೀರಾದರೋ ಮತ್ತೆ ಹೊಳೆಯನ್ನೇ ಸೇರಿ ಕೆಳಗಿನ ಸೀಮೆಗೆ ಹರಿಯುತ್ತದೆ. ನೀರಿಗಾಗಿ ವ್ಯಾಜ್ಯ ಹೂಡಿದ್ದ ಎರಡು ಕಡೆಯವರ ನಡುವೆ, ಯಾರ ಪಾಲೂ ಕಡಮೆಯಾಗದಂತೆ ಒಂದು ದೊಡ್ಡ ಕೆಲಸ ನಡೆಯಲು ಇದರಿಂದ ಎಡೆಯಾಯಿತು.

ಕೆಲಸ ನಡೆದುದು ಕೋಲಾರದ ಚಿನ್ನದ ಗಣಿಗಳ ಸಲುವಾಗಿ. ಗಣಿಗಳು ಆಳವಾದಂತೆ, ನೀರೆತ್ತಲೂ ಅದಿರನ್ನು ಮೇಲೆಳೆದು ಅರೆಯಲೂ ಹೆಚ್ಚು ಶಕ್ತಿ ಬೇಕಾಯಿತು; ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲಾದರೋ ದೂರದಿಂದ ಬರಬೇಕಾಗಿದ್ದಿತು. ಹೊಳೆಯ ಬಲವನ್ನು ತಂತಿಯ ಮೂಲಕ ಗಣಿಗೆ ಸಾಗಿಸುವ ಯೋಜನೆಯನ್ನು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಬೆಂಬಲಿಸಿದರು. ಅದನ್ನು ರೂಪಿಸಿದವರು ಕೆನಡಾ ದೇಶದವರಾಗಿ ಮೈಸೂರಿನ ಸೇವೆಯಲ್ಲಿದ್ದ ಇಂಜಿನಿಯರ್ ಜಾಲಿ ದ ಲಾಟ್ಬಿನೇರ್ ಅವರು. ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ವಿದ್ಯುದಾಗಾರಗಳನ್ನು ಪರೀಕ್ಷಿಸಿ ಬಂದರು. ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯೂ ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸಿದುವು. ರೈಲಿಲ್ಲದ ಈ ಕಣಿವೆಗೆ ಆ ಭಾರಗಳನ್ನು ಸಾಗಿಸಿ ಇಳಿಸಿದವರ ಹೆಸರುಗಳು ಯಾವ ಕಲ್ಲಿನ ಮೇಲೆಯೂ ಇಲ್ಲ.

ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ, 1902ನೆಯ ಇಸವಿ ಜೂನ್ 30ರಂದು, ಕಾವೇರಿಯ ವಿದ್ಯುತ್ತು 92 ಮೈಲಿ ದೂರದ ಚಿನ್ನದ ಗಣಿಯನ್ನು ಮುಟ್ಟಿತು. ಶೇಷಾದ್ರಿ ಅಯ್ಯರವರು ಅದನ್ನು ಕಾಣಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡಿದ್ದರು. ಈಗ ವಿದ್ಯುದಾಗಾರ ಅವರ ಹೆಸರನ್ನು ಹೊತ್ತಿದೆ.

ಶಿವನಸಮುದ್ರದ ವಿಷಯದಲ್ಲಿ ನಮ್ಮವರು ಅಭಿಮಾನದಿಂದ ಆಡುವ ಎರಡು ಮಾತುಗಳನ್ನು ಇಲ್ಲಿ ತಿದ್ದಬೇಕಾಗಿದೆ. ಇದು ಏಷ್ಯಾ ಖಂಡದ ಮೊಟ್ಟಮೊದಲ ಜಲವಿದ್ಯುದಾಗಾರವೆಂಬುದು ಒಂದು. ಜಪಾನಿನ ಕ್ಯೋಟೋ ನಗರದ ಕೆಅಗೆ ವಿದ್ಯುದಾಗಾರ 1891ರಲ್ಲಿಯೇ ಆರಂಭವಾಗಿತ್ತು. ನಮ್ಮ ದೇಶದಲ್ಲಿಯೇ ಡಾರ್ಜಿಲಿಂಗಿನ ಸಿದ್ರಾಪೋಂಗಿನಲ್ಲಿ 1897ರಲ್ಲಿ 130 ಕಿಲೋವಾಟಿನ ಆಗಾರವೊಂದು ನಡೆಯತೊಡಗಿತ್ತು. ಇದನ್ನು ಕಟ್ಟಿದವರು ವಿಶ್ವೇಶ್ವರಯ್ಯನವರೆಂಬುದು ಇನ್ನೊಂದು. ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದುದು 1909ರಲ್ಲಿ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಶಿವನಸಮುದ್ರದ ಚಕ್ರಗಳಿಗೆ ನೀರು ಸಾಲದಾಗುತ್ತಿದ್ದುದೂ, 1911ರಲ್ಲಿ ಅವರು ಕೃಷ್ಣರಾಜಸಾಗರದ ಕೆಲಸವನ್ನು ಆರಂಭಿಸಲು ಒಂದು ಕಾರಣವಾಯಿತು.

ಹೀಗೆ ತಿದ್ದಿದರೆ ಶಿವನಸಮುದ್ರದ ಹಿರಿಮೆ ಕುಗ್ಗಲಾರದು. ಅದರ ನಿಜವಾದ ಹಿರಿಮೆ ದೂರದಲ್ಲಿದೆ. ನಯಾಗರದಂತಹ ಮಹಾಜಲಪಾತದ ವಿದ್ಯುತ್ತನ್ನು 1896ರಲ್ಲಿ ಒಯ್ದುದು ಸುಮಾರು 25 ಮೈಲಿಯ ಬಫಲೋ ನಗರಕ್ಕೆ. ಆರು ವರ್ಷಗಳ ಅನಂತರ, 720 ಕಿಲೋವಾಟಿನ ಆರು ಯಂತ್ರಗಳಿಂದ ಹೊರಟ ಇಲ್ಲಿಯ ವಿದ್ಯುತ್ತು, 30,000 ವೋಲ್ಟಿಗೆ ಕಡಮೆಯಿಲ್ಲದ ಒತ್ತಡದಲ್ಲಿ, ಅದರ ಮೂರು ಮಡಿಗೂ ಮೀರಿದ ದೂರವನ್ನು ಕ್ರಮಿಸಿತು. ಒತ್ತಡ ಹೆಚ್ಚಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ ಕಡಮೆಯಾಗಿ, ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟವೂ ಕಡಮೆಯಾಗುವುದೆಂಬ ತತ್ತ್ವವನ್ನು ನೆಚ್ಚಿ ಮಾಡಿದ ಸಾಹಸವಿದು. ಸಾಲದ ಹಿರಿಮೆಯನ್ನು ಹೊದಿಸಿದರೆ ಇಂತಹ ಸ್ವಂತ ಹಿರಿಮೆ ಮರೆಯಾಗುತ್ತದೆ.

ಚರಿತ್ರೆಯ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಕಾವೇರಿಯ ಬೆಳಕು ಮೊದಲು ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ಬಂದಿತು. ಅನಂತರ ಮೈಸೂರು ನಗರಕ್ಕೆ. ಹೊಳೆಯ ಆಚೆಯ ದಡದ ಕನ್ನಡಿಗರು ಮದರಾಸಿನ ಪ್ರಜೆಗಳು. ಆ ಸರ್ಕಾರದ ದೊಡ್ಡ ಜಲವಿದ್ಯುತ್ ಯೋಜನೆಗಳಲ್ಲಿ ಮೊದಲನೆಯದಾದ ನೀಲಗಿರಿಯ ಪೈಕಾರ ಕೆಲಸ ಆರಂಭಿಸಿದುದು 1932ರಲ್ಲಿ, ಅಂದರೆ ಮೂವತ್ತು ವರ್ಷಗಳ ತರುವಾಯ. ಜಲಪಾತದ ಮೊರೆತ ಕಿವಿಗೆ ಬೀಳುವ ಊರಿನವರು ಎಣ್ಣೆಯ ದೀಪದಲ್ಲಿ ಉಣ್ಣುತ್ತಿರಲು, 92 ಮೈಲಿಯಾಚೆ ನೆಲದಡಿಯ ಯಂತ್ರಗಳು ಅದೇ ಹೊಳೆಯ ಬಲದಿಂದ ತಿರುಗುತ್ತಿದ್ದುವು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು. ನಮ್ಮ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಗೆರೆ ಸರಿಯಿತು, ಅಳಿಯಲಿಲ್ಲ. ಕೋಲಾರದ ಗಣಿಗಳೂ 2001ರ ಫೆಬ್ರವರಿಯಲ್ಲಿ ಮುಚ್ಚಿದುವು. ಯಾವ ಚಿನ್ನಕ್ಕಾಗಿ ಈ ವಿದ್ಯುದಾಗಾರ ಹುಟ್ಟಿತೋ ಆ ಚಿನ್ನದ ಕೆಲಸ ನಿಂತರೂ ಇದು ನಿಲ್ಲಲಿಲ್ಲ. ಇಂದು ಇದನ್ನು ನೋಡಲು ಬರುವವರಿಗೆ ಇದೊಂದು ಹಳೆಯ ಸೋಜಿಗ.

ಇಂತಹ ಸ್ಥಳಗಳು ನೋಟಕರ ತಾಣಗಳಾಗುವುದು ಸಂತೋಷದ ಸಂಗತಿಯೇ. ಆದರೆ ಕೊಳವೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹಿಂತಿರುಗುವ ಮಕ್ಕಳಿಗೆ, ಈ ನೀರು ಯಾರ ದಡವನ್ನು ಸವರಿ ಬಂದಿತು, ಇದರ ಬೆಳಕು ಯಾರನ್ನು ಮೊದಲು ತಲುಪಿತು, ಯಾರನ್ನು ಕಾಯಿಸಿತು ಎಂಬುದನ್ನು ಹೇಳುವವರು ಬೇಕು. ಪಾಲಕ್ಕಾಡಿನ ಕಡೆಯಿಂದ ಬಂದ ದಿವಾನರು, ಕೆನಡಾದ ಇಂಜಿನಿಯರು, ಸ್ವಿಟ್ಜರ್ಲೆಂಡಿನ ಚಕ್ರ, ಗಣಿಯಲ್ಲಿ ದುಡಿದ ತಮಿಳು ತೆಲುಗರ ಬೆವರು, ಕೊಡಗಿನಲ್ಲಿ ಹುಟ್ಟಿದ ಹೊಳೆ, ಇಷ್ಟೂ ಕೂಡಿ ಆದ ಕೆಲಸವನ್ನು ಯಾವ ಒಂದು ಸೀಮೆಯವರೂ ತಮ್ಮದೇ ಎನ್ನಲಾಗದು. ಗಡಿಯ ಮೇಲೆ ಬಾಳುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಸಂಜೆ ಹಿಂತಿರುಗುವಾಗ ಬಾಲಕನು ನಿದ್ದೆಹೋಗಿದ್ದನು. ನಮ್ಮ ಊರು ಸಮೀಪಿಸಿದಾಗ ಗಡಿಯ ಎರಡು ಕಡೆಯ ಹಳ್ಳಿಗಳಲ್ಲಿಯೂ ದೀಪಗಳು ಹತ್ತಿದ್ದುವು. ಯಾವುದು ಎಲ್ಲಿಯ ದೀಪವೆಂದು ಕತ್ತಲೆಯಲ್ಲಿ ತಿಳಿಯುತ್ತಿರಲಿಲ್ಲ.